ಮನೆಯ ಕೋವಿ: ವಯಸ್ಸಾದಂತೆ ನಿಮ್ಮ ಮನಸ್ಸು ಬದಲಾಗಿದೆಯಾ?

ನಾಪೋಕ್ಲಿನವ:
ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಹುಟ್ಟಿದವರಿಗೆ ಕೋವಿ ಹೊಸದಲ್ಲ. ಆದರೆ ಚಿಕ್ಕವನಿದ್ದಾಗ ಅದನ್ನು ಕಂಡರೆ ಆಗುತ್ತಿದ್ದದ್ದೇ ಬೇರೆ, ಇಪ್ಪತ್ತೈದರಲ್ಲಿ ಅನಿಸುತ್ತಿದ್ದದ್ದೇ ಬೇರೆ, ಐವತ್ತರ ಹತ್ತಿರ ಬಂದಿರುವ ಈಗ ಅನಿಸುವುದೇ ಬೇರೆ. ನಿಮಗೂ ಹೀಗೇ ಆಗಿದೆಯಾ?

ಕೇಳಲು ಕಾರಣ ಇದೆ. ಅಪ್ಪ ತೀರಿಕೊಂಡರು. ಪದ್ಧತಿಯಂತೆ ಚಿಕ್ಕಪ್ಪ ಅಂಗಳದಲ್ಲಿ ಎರಡು ಗುಂಡು ಹಾರಿಸಿದರು. ಅಪ್ಪನ ಜೋಡಿನಳಿಗೆ ಕೋವಿ ಈಗ ನನ್ನ ಹೆಸರಿಗೆ ಬರಬೇಕು. ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಬೇಡ. ಹೆಂಡತಿಗೆ ಅದು ಮನೆಯಲ್ಲಿ ಇರುವುದೇ ಇಷ್ಟವಿಲ್ಲ. ಮಗ ಪಿಯುಸಿ, ಅವನಿಗೆ ಬೇಕೇ ಬೇಕು. ಹುಡುಗನಾಗಿದ್ದಾಗ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದರೆ ಕೋವಿ ಒರೆಸುವ ಕೆಲಸ ನನಗೇ ಕೊಡಿ ಅಂತ ಹಟ ಹಿಡಿಯುತ್ತಿದ್ದೆ. ಈಗ ಬೀರುವಿನ ಬಾಗಿಲು ತೆಗೆದರೆ ಮೊದಲು ಬರುವ ಯೋಚನೆ, ತೋಟೆ (ಕೋವಿಗೆ ತುಂಬುವ ಗುಂಡು) ಎಲ್ಲಿದೆ, ಬೀಗ ಸರಿ ಇದೆಯಾ ಅನ್ನುವುದು. ಹೆಮ್ಮೆ ಹೋಗಿಲ್ಲ. ಆದರೆ ಅದರ ಮೇಲೆ ಭಾರ ಬಂದು ಕೂತಿದೆ.

ಇಟ್ಟುಕೊಳ್ಳಲಾ, ಬಿಡಲಾ ಅಂತ ನೀವು ತೀರ್ಮಾನ ಕೊಡಬೇಕಾಗಿಲ್ಲ. ನಿಮ್ಮ ಮನಸ್ಸು ಯಾವಾಗ, ಯಾಕೆ ಬದಲಾಯಿತು ಅಂತ ಹೇಳಿ ಸಾಕು.

ಕುಟ್ಟದ ತೋಟಗಾರ:
ಬದಲಾಗಿಲ್ಲ. ಬದಲಾಗುವುದೂ ಇಲ್ಲ. ನಾಗರಹೊಳೆ ಪಕ್ಕದಲ್ಲಿ ಮನೆ ಇದ್ದರೆ ನಿಮ್ಮದೂ ಬದಲಾಗುತ್ತಿರಲಿಲ್ಲ.

ಪೊನ್ನಂಪೇಟೆ ಹವಾಲ್ದಾರ್:
ನನ್ನದು ಸೈನ್ಯಕ್ಕೆ ಸೇರಿದ ಮೇಲೆ ಬದಲಾಯಿತು. ಎಲ್ಲರೂ ಅಂದುಕೊಳ್ಳುವುದಕ್ಕೆ ಉಲ್ಟಾ. ಮನೆಯಲ್ಲಿದ್ದಾಗ ಕೋವಿ ಅಂದರೆ ಗೋಡೆಯ ಮೊಳೆಗೆ ನೇತುಹಾಕಿದ್ದು, ಯಾರು ಬೇಕಾದರೂ ಇಳಿಸಬಹುದು. ಪಲ್ಟನಿನಲ್ಲಿ ರೈಫಲ್‌ಗೆ ನಂಬರ್, ನಂಬರ್‌ಗೆ ಸಹಿ, ಸಂಜೆ ಆಯುಧದ ಕೋಣೆ ಕೋತ್‌ಗೆ ವಾಪಸ್. ಒಂದು ಗುಂಡು ಕಡಿಮೆಯಾದರೆ ಇಡೀ ಕಂಪನಿ ನಿದ್ದೆ ಮಾಡುವುದಿಲ್ಲ. ಮೊದಲ ರಜೆಗೆ ಊರಿಗೆ ಬಂದಾಗ ಗೋಡೆಯಲ್ಲಿ ನೇತಾಡುತ್ತಿದ್ದ ಅಜ್ಜನ ಕೋವಿ ನೋಡಿ ಮೈ ಜುಂ ಅಂತು. ಇಳಿಸಿ ಮಡಚಿ ನೋಡಿದೆ. ನಳಿಗೆಯಲ್ಲಿ ತೋಟೆ ಹಾಗೇ ಇತ್ತು. ಅಜ್ಜನಿಗೆ ಕೇಳಿದರೆ, "ರಾತ್ರಿ ಹಂದಿ ಬಂದರೆ ಹುಡುಕುತ್ತಾ ಕೂರಲಾ?" ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಕೋವಿ ಒಂದು ಕೋಣೆ, ತೋಟೆ ಇನ್ನೊಂದು ಕೋಣೆ. ಅಜ್ಜ ಬಹಳ ದಿನ ಮಾತು ಬಿಟ್ಟಿದ್ದರು. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಊರಿನವರು ನಾವು ಅಂತ ಎದೆ ಉಬ್ಬಿಸುತ್ತೇವೆ. ಅವರು ಕಲಿತದ್ದು ಶಿಸ್ತು. ಮದುವೆ ಮನೆಯಲ್ಲಿ ಕುಡಿದು ಆಕಾಶಕ್ಕೆ ಹೊಡೆಯುವುದು ಅಲ್ಲ.

ಗೋಣಿಕೊಪ್ಪ ಅಕ್ಕ:
ಹವಾಲ್ದಾರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದು ಇನ್ನೊಂದು ದಿಕ್ಕು. ಚಿಕ್ಕಂದಿನಲ್ಲಿ ಕೋವಿ ಅಂದರೆ ಭಯ, ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು ಹಾರಿದರೆ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಣ್ಣಂದಿರಿಗೆ ಕಲಿಸಿದರು, ನನಗೆ ಯಾರೂ ಕಲಿಸಲಿಲ್ಲ. ಮದುವೆಯಾಗಿ ಮಕ್ಕಳು ಹಾಸ್ಟೆಲ್‌ಗೆ ಹೋದ ಮೇಲೆ, ತೋಟದ ಮನೆಯಲ್ಲಿ ಒಬ್ಬಳೇ ಇರುವ ದಿನ ಜಾಸ್ತಿ ಆದವು. ಆಗ ನಾನೇ ಕಲಿತೆ. ಊರಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ನಿಂತೆ. ಈಗ ಭಯ ಇಲ್ಲ. ಹುಚ್ಚೂ ಇಲ್ಲ. ಗೊತ್ತಿರುವ ವಸ್ತುವಿನ ಮೇಲೆ ಇರುವ ಎಚ್ಚರ ಇದೆ ಅಷ್ಟೆ.

ನಾಪೋಕ್ಲಿನ ಅಣ್ಣ, ನಿಮ್ಮ ಹೆಂಡತಿಗೆ ಯಾರಾದರೂ ಕಲಿಸಿದ್ದಾರಾ? ಕಲಿಸದೆ ಬೇಡ ಅನ್ನುತ್ತಾಳೆ ಅಂತ ಹೇಳುವುದು ಸರಿಯಲ್ಲ.

ಐಟಿ ಹುಡುಗ ಮಡಿಕೇರಿ:
ಅಕ್ಕ ಸೂಪರ್.

ಕುಶಾಲನಗರ ಮೇಷ್ಟ್ರು:
ನಾನು ಹೊರಗಿನಿಂದ ಬಂದು ಇಲ್ಲೇ ನೆಲೆ ನಿಂತವನು. ಒಂದು ಮಾತು ಬೇಸರ ಮಾಡಿಕೊಳ್ಳದೆ ಕೇಳಿ. ನಿಮಗೆ ಕೋವಿಯ ಬಗ್ಗೆ ಮನಸ್ಸು ಬದಲಾಯಿಸುವ ಅವಕಾಶ ಇದೆ, ಯಾಕೆಂದರೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿಯಿಂದ ಕೋವಿ ಮನೆಯಲ್ಲೇ ಇದೆ. ನನ್ನಂಥವರು ಲೈಸೆನ್ಸ್‌ಗೆ ಅರ್ಜಿ ಹಾಕಿ, ಪೊಲೀಸ್ ವರದಿ ಬಂದು, ಡಿಸಿ ಕಚೇರಿ ಅಲೆಯಬೇಕು. ಪಕ್ಕದ ತೋಟದವನ ಭತ್ತ ತಿನ್ನುವ ಹಂದಿಯೇ ನನ್ನ ಭತ್ತವನ್ನೂ ತಿನ್ನುತ್ತದೆ. ಅದು ಜಾತಿ ನೋಡಿ ಬರುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಇದು ಅನ್ಯಾಯ ಅಂತ ಸಿಟ್ಟಿತ್ತು. ಈಗ ಸಿಟ್ಟು ಇಳಿದಿದೆ, ಪ್ರಶ್ನೆ ಹಾಗೇ ಇದೆ.

ಜಮ್ಮಾ ಗೌಡ:
ಮೇಷ್ಟ್ರೇ, ಒಂದು ತಿದ್ದುಪಡಿ. ವಿನಾಯಿತಿ ಇರುವುದು ಕೊಡವರಿಗೆ ಮಾತ್ರ ಅಲ್ಲ, ಜಮ್ಮಾ ಹಿಡುವಳಿದಾರರಿಗೂ ಇದೆ. ನಾವು ಅರೆಭಾಷೆ ಗೌಡರು, ನಮ್ಮ ಮನೆಯಲ್ಲಿ ಕೋವಿ ಇರುವುದು ಜಮ್ಮಾ ಲೆಕ್ಕದಲ್ಲಿ. ರಾಜರ ಕಾಲದಲ್ಲಿ ಯುದ್ಧಕ್ಕೆ ಬರಬೇಕು ಅಂತ ಕೊಟ್ಟ ಜಮೀನು ಅದು. ಬೇರೆ ಸಮುದಾಯದ ಜಮ್ಮಾದಾರರೂ ಇದ್ದಾರೆ. ಸುಮ್ನೆ ಜಾತಿ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ.

ಕುಶಾಲನಗರ ಮೇಷ್ಟ್ರು:
ಒಪ್ಪಿದೆ. ಜಮ್ಮಾ ಇಲ್ಲದವರು ಏನು ಮಾಡಬೇಕು ಅನ್ನುವುದಕ್ಕೆ ಉತ್ತರ ಅದರಲ್ಲಿಲ್ಲ.

ವಿರಾಜಪೇಟೆ ವಕೀಲ:
ಇಬ್ಬರಿಗೂ ಉಪಯೋಗವಾಗಲಿ ಅಂತ ಸ್ವಲ್ಪ ಉದ್ದ ಬರೆಯುತ್ತೇನೆ.

1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. 1857ರ ದಂಗೆಯ ನಂತರ ದೇಶದಲ್ಲಿ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ಬಂತು. 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿಯಲ್ಲಿ, 1963ರ ಅಧಿಸೂಚನೆಯ ಮೂಲಕ ಅದೇ ಮುಂದುವರಿಯಿತು. 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಮೇಷ್ಟ್ರೇ, ನಿಮಗೂ ಕಾಯ್ದೆಯಲ್ಲಿ ದಾರಿ ಇದೆ. 13ನೇ ಸೆಕ್ಷನ್ ಓದಿ. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಹಳ್ಳಿಯ ಕೇಪಿನ ಕೋವಿ, ಅದಕ್ಕೆ ಲೈಸೆನ್ಸ್ ಕೊಡುವ ವಿಷಯ ಅಲ್ಲಿದೆ. 20 ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ ಕೋವಿಯ ವಿಷಯವೂ ಇದೆ.

ನಾಪೋಕ್ಲಿನವರೇ, ನಿಮ್ಮ ಮಗ ಎಷ್ಟೇ ಹಟ ಮಾಡಲಿ, ಕಾಯ್ದೆ ಪ್ರಕಾರ 21 ತುಂಬದೆ ಕೋವಿ ಅವನ ಹೆಸರಿಗೆ ಬರುವುದಿಲ್ಲ. ಅಪ್ಪನ ಹೆಸರಿನಲ್ಲಿದ್ದದ್ದನ್ನು ಹಾಗೇ ಬಿಟ್ಟು ಕೂರಬೇಡಿ. ಡಿಸಿ ಕಚೇರಿಯಲ್ಲಿ ದಾಖಲೆ ಸರಿ ಮಾಡಿಸಿ. ಅಲ್ಲಿವರೆಗೆ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಜಮೆ ಇಟ್ಟು ರಸೀದಿ ತೆಗೆದುಕೊಳ್ಳಿ.

ಕುಟ್ಟದ ತೋಟಗಾರ:
ಕಾನೂನು ಎಲ್ಲ ಸರಿ ವಕೀಲರೇ. ಆನೆ ಗೇಟು ಮುರಿದು ಒಳಗೆ ಬಂದಾಗ ಕೈಯಲ್ಲಿ 41ನೇ ಸೆಕ್ಷನ್ ಹಿಡಿದು ನಿಲ್ಲಲು ಆಗುತ್ತದಾ?

ವಿರಾಜಪೇಟೆ ವಕೀಲ:
ಆನೆಗೆ ಕೋವಿ ಹಿಡಿದರೂ ಆಗುವುದಿಲ್ಲ. ಆನೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹೊಡೆದರೆ ಕನಿಷ್ಠ 3 ವರ್ಷ ಜೈಲು.

ಕುಟ್ಟದ ತೋಟಗಾರ:
ಹೊಡೆಯುತ್ತೇನೆ ಅಂತ ಯಾರು ಹೇಳಿದರು? ಗಾಳಿಗೆ ಒಂದು ಹಾರಿಸಿದರೆ ಹಿಂಡು ತಿರುಗುತ್ತದೆ. ಪಟಾಕಿಗೆ ಈಗ ಅವು ಹೆದರುವುದಿಲ್ಲ. ಕಾಫಿ ಕುಯ್ಯಲು ಬರುವ ಹೆಂಗಸರು ಬೆಳಿಗ್ಗೆ ಲೈನ್ ಮನೆಯಿಂದ ಹೊರಡುವಾಗ ನಾನು ಮುಂದೆ ಹೋಗಿ ನೋಡಿ ಬರುತ್ತೇನೆ. ಹೆಗಲ ಮೇಲೆ ಕೋವಿ ಇದ್ದರೆ ಅವರಿಗೂ ಧೈರ್ಯ. ನೀವು ಪೇಟೆಯಲ್ಲಿ ಕೂತು ಮನಸ್ಸು ಬದಲಾಯಿಸಿಕೊಳ್ಳಿ. ನನ್ನ ಅಪ್ಪನಿಗೆ ಎಪ್ಪತ್ತರಲ್ಲೂ ಅದೇ ಮನಸ್ಸಿತ್ತು.

ಪೊನ್ನಂಪೇಟೆ ಹವಾಲ್ದಾರ್:
ಗಾಳಿಗೆ ಹೊಡೆದದ್ದು ಎಲ್ಲಿ ಬೀಳುತ್ತದೆ ಅಂತಲೂ ನೋಡಬೇಕು ತಮ್ಮ. ಕತ್ತಲಲ್ಲಿ ಹಂದಿ ಅಂತ ಮನುಷ್ಯನಿಗೆ ಹೊಡೆದ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಯಲ್ಲೇ ಓದಿದ್ದೇವೆ. ಪೊದೆ ಅಲ್ಲಾಡಿದ್ದು ಗುರಿ ಅಲ್ಲ. ಕಣ್ಣಿಗೆ ಪೂರ್ತಿ ಕಂಡಿದ್ದು ಮಾತ್ರ ಗುರಿ.

ಹೋಮ್‌ಸ್ಟೇ ಅಣ್ಣ:
ನನ್ನ ಕಷ್ಟ ಬೇರೆ. ಬರುವ ಅತಿಥಿಗಳಿಗೆಲ್ಲ ಕೋವಿ ಹಿಡಿದು ಫೋಟೋ ಬೇಕು. ಸೊಂಟದ ಪೀಚೆಕತ್ತಿ ತೋರಿಸಿ, ಕೋವಿ ಕೊಡಿ, ಕೊಡವ ಗಂಡಸರ ಉಡುಪು ಕುಪ್ಪಸ ಬಾಡಿಗೆಗೆ ಸಿಗುತ್ತಾ, ಇದೇ ಮಾತು. ಮೊದಲು ಖುಷಿಯಿಂದ ತೋರಿಸುತ್ತಿದ್ದೆ. ಒಬ್ಬ ನಳಿಗೆಯನ್ನು ತನ್ನ ಹೆಂಡತಿಯ ಕಡೆ ತಿರುಗಿಸಿ ನಗುತ್ತಾ ನಿಂತ. ಖಾಲಿ ಕೋವಿ ನಿಜ. ಆದರೂ ಅವತ್ತೇ ಒಳಗಿಟ್ಟೆ. ಅದು ನಮ್ಮ ಕುಲದ ಹಿರಿಯರು ಗುರುಕಾರಣರ ಮುಂದೆ ಇಟ್ಟು ಪೂಜೆ ಮಾಡುವ ವಸ್ತು. ಆಟಿಕೆ ಅಲ್ಲ.

ಗೋಣಿಕೊಪ್ಪ ಅಕ್ಕ:
ಒಳ್ಳೆ ಕೆಲಸ ಮಾಡಿದಿರಿ. ಮತ್ತೆ ಹೊರಗೆ ತೆಗೆಯಬೇಡಿ.

ಸುಂಟಿಕೊಪ್ಪ ಸಿಸ್ಟರ್:
ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು ನಾನು, ಈಗ ನಿವೃತ್ತಿ. ಇಲ್ಲಿ ಹಂದಿ, ಆನೆ, ಕಾನೂನು ಎಲ್ಲ ಬಂತು. ಒಂದು ವಿಷಯ ಮಾತ್ರ ಯಾರೂ ಎತ್ತಲಿಲ್ಲ.

ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿ ಇಲ್ಲದಾಗ, ಕುಡಿತ ಜಾಸ್ತಿ ಆದಾಗ, ಕಾಫಿ ದರ ಬಿದ್ದು ಸಾಲ ತಲೆ ಮೇಲೆ ಕೂತಾಗ, ಆ ಮನೆಯ ಕೋವಿ ಕಾಡುಪ್ರಾಣಿಗಿಂತ ದೊಡ್ಡ ಅಪಾಯ. ವಿಷ ಕುಡಿದವರನ್ನು ಉಳಿಸಲು ನಮಗೆ ಒಂದಿಷ್ಟು ಸಮಯ ಸಿಗುತ್ತಿತ್ತು. ಗುಂಡಿನ ಗಾಯದಲ್ಲಿ ಆ ಸಮಯ ಸಿಗುವುದು ಕಡಿಮೆ. ಸಾಯಬೇಕು ಅನ್ನುವ ಆ ಗಳಿಗೆ ಎಷ್ಟೋ ಸಲ ದಾಟಿ ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ.

ನನ್ನ ತವರಿನಲ್ಲಿ ಐದು ಕೋವಿ ಇದ್ದವು. ಹುಡುಗಿಯಾಗಿದ್ದಾಗ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡವಳು ನಾನು. ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೇಲೆ ಆ ಮೋಹ ಉಳಿಯಲಿಲ್ಲ. ಕೋವಿ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಒಬ್ಬರು ಮಂಕಾಗಿದ್ದಾರೆ ಅಂತ ಅನಿಸಿದರೆ ಕೋವಿಯನ್ನು ಸ್ವಲ್ಪ ಕಾಲ ಬಂದೂಕು ಅಂಗಡಿಯಲ್ಲೋ ಠಾಣೆಯಲ್ಲೋ ಜಮೆ ಇಡಿ. ಮರ್ಯಾದೆ ಹೋಗುವುದಿಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ನಾಪೋಕ್ಲಿನವ:
ಸಿಸ್ಟರ್, ಇದನ್ನು ಹೇಳಿದ್ದಕ್ಕೆ ತುಂಬಾ ಉಪಕಾರ. ನನ್ನ ಹೆಂಡತಿಯ ತಲೆಯಲ್ಲಿ ಇರುವುದೂ ಇದೇ ಅಂತ ಈಗ ಅನಿಸುತ್ತಿದೆ. ಅವಳ ಸೋದರಮಾವನ ಮನೆಯಲ್ಲಿ ಹೀಗೊಂದು ಆಗಿತ್ತು. ಅವಳು ಅದರ ಬಗ್ಗೆ ಮಾತಾಡುವುದಿಲ್ಲ.

ಗೋಣಿಕೊಪ್ಪ ಅಕ್ಕ:
ಹಾಗಿದ್ದರೆ ಕಲಿಸಿ ಅಂತ ನಾನು ಹೇಳಿದ ಮಾತು ಬದಿಗಿಡಿ. ಮೊದಲು ಅವಳ ಜೊತೆ ಕೂತು ಮಾತಾಡಿ.

ಐಟಿ ಹುಡುಗ ಮಡಿಕೇರಿ:
ನನಗೆ 24. ನೀವೆಲ್ಲ ಹಿರಿಯರು, ತಪ್ಪು ತಿಳಿಯಬೇಡಿ. ನಮ್ಮ ವಯಸ್ಸಿನವರಿಗೆ ಕೋವಿ ಅಂದರೆ ಗುರುತು. ವರ್ಷವಿಡೀ ಬೆಂಗಳೂರಿನ ಪಿಜಿಯಲ್ಲಿ ಇರುತ್ತೇನೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ ಕುಟುಂಬದ ಮೂಲಮನೆ ಐನ್‌ಮನೆಗೆ ಬಂದು, ನಡುಮನೆ ನೆಲ್ಲಕ್ಕಿ ನಡುಬಾಡೆಯಲ್ಲಿ ಸಾಲಾಗಿ ಇಟ್ಟ ಕೋವಿಗಳಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿದಾಗಲೇ ನಾನು ಯಾರ ಮನೆಯವನು ಅಂತ ಮೈಗೆ ಗೊತ್ತಾಗುವುದು. ನಾನು ಹಂದಿ ಹೊಡೆದವನಲ್ಲ, ಹೊಡೆಯುವ ಆಸೆಯೂ ಇಲ್ಲ. ನಮ್ಮ ಪೀಳಿಗೆಗೆ ಬೇಟೆ ಗೊತ್ತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಂದಾಗ ನಮ್ಮಪ್ಪನೇ ಹುಟ್ಟಿರಲಿಲ್ಲ. ಆದರೂ ಕೋವಿ ಬೇಕು. ನಾಳೆ ಎಲ್ಲರೂ ಠಾಣೆಗೆ ಕೊಟ್ಟುಬಿಟ್ಟರೆ ಹಬ್ಬಕ್ಕೆ ಹೂ ಯಾವುದಕ್ಕೆ ಸಿಕ್ಕಿಸುವುದು?

ಕುಟ್ಟದ ತೋಟಗಾರ:
ಹುಡುಗ ಸರಿಯಾಗಿ ಹೇಳಿದ.

ಜಮ್ಮಾ ಗೌಡ:
ಹೂವಿನ ವಿಷಯ ಬಂತು ಅಂತ ಕೇಳುತ್ತೇನೆ. ನಿಮ್ಮ ಕಡೆ ಆ ಹೂ ಈಗ ಸಿಗುತ್ತಾ? ನಮ್ಮ ಬೇಲಿಯಲ್ಲಿ ಮೊದಲು ಆಗಸ್ಟ್ ಕೊನೆಗೆ ಕೆಂಪು ಹಳದಿ ಎಸಳು ಮೇಲಕ್ಕೆ ಮಡಚಿಕೊಂಡು ತುಂಬಾ ಬಿಡುತ್ತಿತ್ತು. ಕಳೆನಾಶಕ ಹೊಡೆಯಲು ಶುರು ಮಾಡಿದ ಮೇಲೆ ಬಳ್ಳಿಯೇ ಕಾಣುವುದಿಲ್ಲ.

ಹೋಮ್‌ಸ್ಟೇ ಅಣ್ಣ:
ಗೇಟಿನ ಪಕ್ಕ ನಾನೇ ಗೆಡ್ಡೆ ನೆಟ್ಟಿದ್ದೇನೆ. ಮಕ್ಕಳಿರುವ ಮನೆಯವರು ಹುಷಾರು, ಗೆಡ್ಡೆಯಿಂದ ಹಿಡಿದು ಇಡೀ ಗಿಡ ವಿಷ.

ಗೋಣಿಕೊಪ್ಪ ಅಕ್ಕ:
ಜಮ್ಮಾ ಗೌಡರೇ, ಬೇಕಾದರೆ ಹಬ್ಬದ ಹಿಂದಿನ ದಿನ ಬನ್ನಿ, ನಮ್ಮ ಬೇಲಿಯಲ್ಲಿ ಇನ್ನೂ ಇದೆ. ಕಡಂಬುಟ್ಟು, ಪಂದಿ ಕರಿಯೂ ಇರುತ್ತದೆ.

ಕುಶಾಲನಗರ ಮೇಷ್ಟ್ರು:
ಹುಡುಗನ ಮಾತು ನನಗೂ ತಟ್ಟಿತು. ಆದರೆ ಪೂಜೆಗೆ ಬೇಕು ಅನ್ನುವುದು ಬೇರೆ, ಹಬ್ಬದಲ್ಲಿ ಮನಬಂದಂತೆ ಹಾರಿಸುವುದು ಬೇರೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಅಂತ ಬಂದಿದೆ. ಅಲ್ವಾ ವಕೀಲರೇ?

ವಿರಾಜಪೇಟೆ ವಕೀಲ:
ಹೌದು, ಅಪಾಯ ಆಗುವಂತೆ ಹಾರಿಸಿದರೆ. ಹುತ್ತರಿಗೆ ಗದ್ದೆಯಲ್ಲಿ ಹಿರಿಯರು ಜಾಗ ನೋಡಿ ಒಂದು ಗುಂಡು ಹಾರಿಸುವುದನ್ನೂ ಮದುವೆ ಮಂಟಪದಲ್ಲಿ ಹತ್ತು ಜನ ಸೇರಿ ಹಾರಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕುಟ್ಟದ ತೋಟಗಾರ:
ಗಂಡು ಮಗು ಹುಟ್ಟಿದಾಗ ಒಂದು, ಸತ್ತಾಗ ಎರಡು. ಇದಕ್ಕೂ ಕೇಸ್ ಹಾಕುತ್ತೀರಾ ಮೇಷ್ಟ್ರೇ?

ಕುಶಾಲನಗರ ಮೇಷ್ಟ್ರು:
ನಾನು ಹಾಗೆ ಹೇಳಲಿಲ್ಲ. ಹೆಣ್ಣು ಮಗು ಹುಟ್ಟಿದಾಗಲೂ ಹಾರಿಸಿ ಅಂತ ಬೇಕಾದರೆ ಹೇಳುತ್ತೇನೆ.

ಗೋಣಿಕೊಪ್ಪ ಅಕ್ಕ:
ಅದು ಮಾತು!

ಎಪ್ಪತ್ತೆರಡರ ಅಜ್ಜಿ, ಸೋಮವಾರಪೇಟೆ:
ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಯಜಮಾನರ ಕೋವಿಯನ್ನು ನಾನು ಈ ವರ್ಷ ಅಂಗಡಿಯವರಿಗೆ ಮಾರಿದೆ. ದುಃಖ ಆಗಲಿಲ್ಲ ಅಂತ ಹೇಳುವುದಿಲ್ಲ. ಮದುವೆಯಾಗಿ ಬಂದಾಗ ಆ ಕೋವಿ ಕಂಡರೆ ಈ ಮನೆಗೆ ಯಾರೂ ಕೆಟ್ಟ ಕಣ್ಣು ಹಾಕುವುದಿಲ್ಲ ಅನ್ನುವ ಧೈರ್ಯ. ಮಕ್ಕಳು ತೆವಳುವ ಕಾಲಕ್ಕೆ ಅದನ್ನು ಅಟ್ಟಕ್ಕೆ ಹಾಕಿಸಿದೆ. ಮಕ್ಕಳು ದೊಡ್ಡವರಾಗಿ ತೋಟಕ್ಕೆ ಹೋಗುವಾಗ ನಾನೇ ಇಳಿಸಿ ಕೊಟ್ಟೆ. ಈಗ ಮಕ್ಕಳು ಮೈಸೂರು, ಮಂಗಳೂರು. ನನಗೆ ಅದನ್ನು ಎತ್ತಲೂ ಆಗುವುದಿಲ್ಲ. ಚುನಾವಣೆ ಬಂತು ಅಂದರೆ ಅದನ್ನು ಠಾಣೆಗೆ ಕೊಡಬೇಕಾ ಬೇಡವಾ ಅಂತ ಕೇಳಲು ಯಾರನ್ನಾದರೂ ಹಿಡಿಯಬೇಕು. ಒಬ್ಬ ಮುದುಕಿ ಮಾತ್ರ ಇರುವ ಮನೆಯಲ್ಲಿ ಕೋವಿ ಇದೆ ಅಂತ ಗೊತ್ತಾದರೆ ಕಳ್ಳ ಅದಕ್ಕೇ ಬರುತ್ತಾನೆ. ಹಾಗಾಗಿ ಕೊಟ್ಟೆ. ಒಡಿಕತ್ತಿ ಇಟ್ಟುಕೊಂಡಿದ್ದೇನೆ. ಹಬ್ಬಕ್ಕೆ ಅದಕ್ಕೇ ಹೂ.

ಐಟಿ ಹುಡುಗ ಮಡಿಕೇರಿ:
ಅಜ್ಜಿ, ನಿಮ್ಮ ಮಾತು ಓದಿ ನನ್ನ ವಾದ ಸ್ವಲ್ಪ ಸಡಿಲವಾಯಿತು. ಪೂರ್ತಿ ಬಿಡುವುದಿಲ್ಲ.

ಕುಟ್ಟದ ತೋಟಗಾರ:
ಅಜ್ಜಿ ಮಾಡಿದ್ದು ಅವರ ಮನೆಗೆ ಸರಿ. ನನ್ನ ಮನೆಗೆ ಅಲ್ಲ. ಇದಕ್ಕಿಂತ ಜಾಸ್ತಿ ನಾನು ಒಪ್ಪುವುದಿಲ್ಲ.

ನಾಪೋಕ್ಲಿನವ:
ಎಲ್ಲರೂ ಇಷ್ಟು ಬರೆದಿದ್ದೀರಿ. ನಾನು ಮಾಡಿದ್ದು ಹೇಳುತ್ತೇನೆ. ನಿನ್ನೆ ರಾತ್ರಿ ಹೆಂಡತಿ ಜೊತೆ ಮಾತಾಡಿದೆ. ಬಹಳ ಹೊತ್ತಿನ ಮೇಲೆ ಅವಳು ಸೋದರಮಾವನ ವಿಷಯ ಬಾಯಿ ಬಿಟ್ಟಳು. ಕೋವಿ ಇರಲಿ ಅಂತ ಅವಳು ಹೇಳಿಲ್ಲ, ಬೇಡ ಅಂತಲೂ ಇಲ್ಲ. ದಾಖಲೆ ಬದಲಾಗುವವರೆಗೆ ಅಂಗಡಿಯಲ್ಲಿ ಜಮೆ ಇಡೋಣ, ಹಬ್ಬದ ಹೊತ್ತಿಗೆ ಮತ್ತೆ ಕೂತು ಮಾತಾಡೋಣ ಅಂದಳು. ಮಗನಿಗೂ ಹೇಳಿದೆ. ಮುಖ ಸಪ್ಪೆ ಮಾಡಿಕೊಂಡ. ಆದರೆ ಒಯ್ಯುವ ಮೊದಲು ಅವನೇ ಒರೆಸುತ್ತಾನೆ ಅಂತ ಒಪ್ಪಂದ ಆಗಿದೆ, ನಾನು ಪಕ್ಕದಲ್ಲಿ ನಿಂತಿರಬೇಕು.

ಇನ್ನೊಂದು ಪ್ರಶ್ನೆ. ಅಪ್ಪನ ಪೆಟ್ಟಿಗೆಯಲ್ಲಿ ಹಳೆಯ ಕಾಗದದ ತೋಟೆಗಳಿವೆ. ಹಲವು ಮಳೆಗಾಲ ಕಂಡಂಥವು. ಕೆಲವು ಉಬ್ಬಿವೆ, ಬುಡದ ಹಿತ್ತಾಳೆ ಹಸಿರು ಹಿಡಿದಿದೆ. ಏನು ಮಾಡುವುದು?

ಪೊನ್ನಂಪೇಟೆ ಹವಾಲ್ದಾರ್:
ಅವನ್ನು ಕೋವಿಗೆ ಹಾಕಿ ನೋಡಲೇಬೇಡಿ. ಉಬ್ಬಿದ್ದು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒದ್ದೆ ಮದ್ದು ಅರ್ಧಂಬರ್ಧ ಹತ್ತಿದರೆ ಒಳಗಿನ ಬಿರಡೆ ನಳಿಗೆಯಲ್ಲೇ ಉಳಿದು, ಮುಂದಿನ ಗುಂಡಿಗೆ ನಳಿಗೆಯೇ ಸಿಡಿಯಬಹುದು. ಬಿಚ್ಚಿ ಮದ್ದು ತೆಗೆಯಲು ಹೋಗಬೇಡಿ, ಒಲೆಗೆ ಹಾಕಬೇಡಿ, ತೋಟದಲ್ಲಿ ಹೂಳಬೇಡಿ. ಮಗನ ಕೈಗೆ ಕೊಡಬೇಡಿ. ಕೋವಿ ಜಮೆ ಇಡಲು ಹೋಗುವ ಮೊದಲು ಅಂಗಡಿಯವರಿಗೆ ಫೋನ್ ಮಾಡಿ ಹೇಳಿ, ಅವರು ಹೇಗೆ ತರಬೇಕು ಅಂತ ಹೇಳುತ್ತಾರೆ. ಎಷ್ಟು ತೋಟೆ ಕೊಟ್ಟಿರಿ ಅಂತಲೂ ರಸೀದಿಯಲ್ಲಿ ಬರೆಸಿಕೊಳ್ಳಿ.

ವಿರಾಜಪೇಟೆ ವಕೀಲ:
ರಸೀದಿಯ ಎರಡು ಜೆರಾಕ್ಸ್ ಮಾಡಿಸಿ. ಡಿಸಿ ಕಚೇರಿಗೆ ಹೋಗುವಾಗ ಅಪ್ಪನ ಮರಣ ಪ್ರಮಾಣಪತ್ರ, ಅವರ ವಿನಾಯಿತಿ ಪತ್ರ, ಬೇರೆ ವಾರಸುದಾರರ ಒಪ್ಪಿಗೆ, ಮೂರನ್ನೂ ಇಟ್ಟುಕೊಂಡು ಹೋಗಿ. ತಮ್ಮ ಬೆಂಗಳೂರಿನಲ್ಲಿದ್ದಾರೆ ಅಂದಿರಲ್ಲ, ಅವರ ಸಹಿ ಈಗಲೇ ತರಿಸಿಕೊಳ್ಳಿ.